ವಜ್ರದ ಆಕರಜ ಗುಣಗಳು: ಒಂದು ಅರ್ಥವಿಚಾರ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ಅಪರಿಚಿತ ಶಬ್ದಗಳಿಗಿಂತ ಸುಪರಿಚಿತ ಶಬ್ದಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆ. ಅಪರಿಚಿತ ಶಬ್ದ ಬಂದಲ್ಲಿ ನಾವು ನಿಂತು ವಿಚಾರಿಸುತ್ತೇವೆ. ಪರಿಚಿತ ಶಬ್ದಕ್ಕಾದರೋ ನಮ್ಮ ಕಾಲದ ಅರ್ಥವನ್ನೇ ಹಚ್ಚಿ ಮುಂದೆ ಸಾಗುತ್ತೇವೆ. ರತ್ನಪರೀಕ್ಷಾ ಗ್ರಂಥಗಳಲ್ಲಿ ವಜ್ರವನ್ನು ಕುರಿತು ಬರುವ ಫಲಕ, ಪಾರ್ಶ್ವ, ಕೋಟಿ, ಧಾರಾ ಮೊದಲಾದವು ಇಂತಹ ಶಬ್ದಗಳು. ಆಭರಣದ ವಜ್ರವೆಂದರೆ ಸಾಣೆಯ ಮೇಲೆ ಹಲವು ಮುಖಗಳನ್ನು ತೆಗೆದ ಕಲ್ಲೆಂದೇ ತಿಳಿದಿರುವ ಇಂದಿನ ಓದುಗನು ಇವನ್ನು ಶಿಲ್ಪಿಯ ಕೈಕೆಲಸದ ಪರಿಭಾಷೆಯೆಂದು ಭಾವಿಸುವುದು ಸಹಜ. ಈ ಲೇಖಕನೂ ಮೊದಲ ಓದಿನಲ್ಲಿ ಹಾಗೆಯೇ ಗುರುತುಹಾಕಿಕೊಂಡಿದ್ದನು. ಅದು ಸರಿಯಲ್ಲವೆಂಬುದನ್ನು ಇಲ್ಲಿ ನಿವೇದಿಸಲಾಗಿದೆ.

ಈ ಶಾಸ್ತ್ರವನ್ನು ಕುರಿತು ಬರೆದ ಜೈನ ಗೃಹಸ್ಥ ವಿದ್ವಾಂಸರಲ್ಲಿ ಠಕ್ಕುರ ಫೇರು ಗಣ್ಯನು. ಶ್ರೀಮಾಲ ಕುಲದ ಈತನು ಅಲಾವುದ್ದೀನ್ ಖಿಲ್ಜಿಯ ಆಳ್ವಿಕೆಯ ದೆಹಲಿಯಲ್ಲಿ ವಿಕ್ರಮ ಸಂವತ್ 1372ರಲ್ಲಿ, ಅಂದರೆ ಕ್ರಿ.ಶ. 1315ರಲ್ಲಿ, 'ರಯಣಪರಿಕ್ಖಾ' ಎಂಬ ಪ್ರಾಕೃತ ಗ್ರಂಥವನ್ನು ರಚಿಸಿದನು. ಸುಲ್ತಾನನ ಭಂಡಾರದ ರತ್ನಗಳನ್ನು ಕಣ್ಣಾರೆ ಕಂಡು ಬರೆದವನೀತ. ಈತನ ಕೃತಿಗಳ ಹಸ್ತಪ್ರತಿಯು 1946ರಲ್ಲಿ ಕಲ್ಕತ್ತೆಯ ಜೈನ ಗ್ರಂಥಭಂಡಾರವೊಂದರಲ್ಲಿ ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರಿಗೆ ದೊರೆತು, 1961ರಲ್ಲಿ ಜೋಧಪುರದಿಂದ ಮುದ್ರಿತವಾಯಿತು. ವಜ್ರದ ಗುಣಗಳಲ್ಲಿ ಫೇರು ಸಮವಾದ ಫಲಕ, ಉನ್ನತವಾದ ಕೋಣ, ತೀಕ್ಷ್ಣವಾದ ಧಾರೆ ಇವನ್ನು ಎಣಿಸುತ್ತಾನೆ.

ಇದರ ಮೂಲವು ಫೇರುವೇ ಸ್ಮರಿಸುವ ಬುದ್ಧಭಟ್ಟನ ರತ್ನಪರೀಕ್ಷೆಯಲ್ಲಿದೆ. ಅಲ್ಲಿ ವಜ್ರಕ್ಕೆ ಆರು ಕೋಟಿಗಳು, ಎಂಟು ಪಾರ್ಶ್ವಗಳು, ಹನ್ನೆರಡು ಧಾರೆಗಳೆಂದು ಲೆಕ್ಕ ಹೇಳಿದೆ. ಗಣಿಯಲ್ಲಿ ದೊರೆಯುವ ವಜ್ರದ ಸಹಜವಾದ ಅಷ್ಟಫಲಕಾಕೃತಿಗೆ ಈ ಲೆಕ್ಕ ತಪ್ಪದೆ ಹೊಂದುತ್ತದೆ. ಈಗಿನ ದುಂಡು ವಜ್ರಕ್ಕೆ ಕಡೆಯುವ ಮುಖಗಳಾದರೋ 57 ಅಥವಾ 58. ಅದಕ್ಕಿಂತ ಮುಖ್ಯವಾದ ಪ್ರಮಾಣವೆಂದರೆ ಅಲ್ಲಿಯೇ ಬರುವ 'ಆಕರಜ' ಎಂಬ ವಿಶೇಷಣ. ಆಕರವೆಂದರೆ ಗಣಿ; ಆಕರಜವೆಂದರೆ ಗಣಿಯಲ್ಲಿ ಹುಟ್ಟಿದ್ದು. ಇವು ಸಾಣೆಯು ಕೊಟ್ಟ ಗುಣಗಳಲ್ಲವೆಂದು ಶಾಸ್ತ್ರಕಾರನೇ ಹೇಳಿದಂತಾಯಿತು.

ಹಾಗಾದರೆ ನಮ್ಮವರು ಸಾಣೆಯನ್ನು ಅರಿಯರೇ ಎಂಬ ಶಂಕೆ ಏಳಬಹುದು. ಅರಿತಿದ್ದರು. ಸಾಣೆಯಲ್ಲಿ ತೇಯ್ದು ಕೃಶವಾದ ಮಣಿಯು ಆ ಕೃಶತೆಯಿಂದಲೇ ಶೋಭಿಸುವುದೆಂಬ ಹೋಲಿಕೆ ಭರ್ತೃಹರಿಯ ನೀತಿಶತಕದಲ್ಲಿದೆ. ವಜ್ರವನ್ನು ವಜ್ರವೇ ಕೊರೆಯುವುದೆಂಬುದೂ ಶಾಸ್ತ್ರಕಾರರಿಗೆ ತಿಳಿದಿತ್ತು. ಆದರೆ ಕವಿಯು ಶೋಭೆಯನ್ನು ಕಂಡಲ್ಲಿ ಪರೀಕ್ಷಕನು ನಷ್ಟವನ್ನು ಕಂಡನು. ವಜ್ರದ ಮೌಲ್ಯವು ತೂಕವನ್ನು ಅವಲಂಬಿಸಿತ್ತು. ತೂಕ ಏರಿದಂತೆ ಬೆಲೆ ಅದಕ್ಕಿಂತ ವೇಗವಾಗಿ ಏರುತ್ತಿತ್ತು. ಅಲ್ಲದೆ ಕತ್ತರಿಸಿದ ಅಥವಾ ಉಜ್ಜಿ ಸವೆಸಿದ ವಜ್ರವು ತನ್ನ ಶುಭಫಲವನ್ನು ಕಳೆದುಕೊಳ್ಳುವುದೆಂದು ಅಗಸ್ತಿಮತವು ಹೇಳುತ್ತದೆ.

ಈ ದೃಷ್ಟಿ ಗ್ರಂಥಗಳಲ್ಲಿ ಮಾತ್ರ ಉಳಿದದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ದಕ್ಷಿಣದ ವಜ್ರದ ಗಣಿಗಳನ್ನು ಕಂಡ ಫ್ರೆಂಚ್ ವರ್ತಕ ಟ್ಯಾವರ್ನಿಯರ್, ಅಲ್ಲಿನ ಕುಶಲಕರ್ಮಿಗಳು ನಿರ್ದೋಷವಾದ ಕಲ್ಲನ್ನು ತೂಕ ಕುಂದೀತೆಂದು ಸಾಣೆಗೆ ಮೇಲೂ ಕೆಳಗೂ ಸ್ವಲ್ಪ ಸೋಕಿಸಿ ಬಿಡುತ್ತಿದ್ದರೆಂದೂ, ಬಿರುಕು ಅಥವಾ ಚುಕ್ಕೆಯಿರುವ ಕಲ್ಲಿಗೆ ಮಾತ್ರ ಮೈತುಂಬ ಸಣ್ಣ ಮುಖಗಳನ್ನು ತೆಗೆಯುತ್ತಿದ್ದರೆಂದೂ ಬರೆದಿದ್ದಾನೆ. ಅಂದರೆ ಹೆಚ್ಚಿನ ಮುಖಗಳು ದೋಷವನ್ನು ಮರೆಮಾಡುವ ಉಪಾಯ. 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ಆತನು ನೋಡಿದ ಮಹಾವಜ್ರವು ಮೊದಲು 900 ರತಿಗಳಷ್ಟಿದ್ದು, ವೆನಿಸ್ ನಗರದ ಬೋರ್ಜಿಯೋ ಎಂಬಾತನು ಅದನ್ನು ತೇಯ್ದ ಬಳಿಕ 319½ ರತಿಗಳಿಗೆ ಇಳಿದಿತ್ತು. ಆತನಿಗೆ ಕೂಲಿಯ ಬದಲು 10,000 ರೂಪಾಯಿ ದಂಡ ಬಿದ್ದಿತೆಂದು ಟ್ಯಾವರ್ನಿಯರ್ ತಿಳಿಸುತ್ತಾನೆ. ಮುಂದೆ 1852ರಲ್ಲಿ ಲಂಡನ್ನಿನಲ್ಲಿ ಕೊಹಿನೂರನ್ನು ಪುನಃ ಕಡೆದಾಗ ಸುಮಾರು 191 ಮೆಟ್ರಿಕ್ ಕ್ಯಾರೆಟ್‌ಗಳ ಕಲ್ಲು 105.6ಕ್ಕೆ ಇಳಿಯಿತು, ಅಲ್ಲಿ ಬೇಕಾದದ್ದು ತೂಕವಲ್ಲ, ಹೊಳಪು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ರತ್ನಪರೀಕ್ಷೆಯ ವಿಷಯವಿರುವುದರಿಂದ ಈ ಪರಿಭಾಷೆಯ ವಿಚಾರ ಕನ್ನಡ ವಿದ್ವಾಂಸರಿಗೂ ಸಂಬಂಧಿಸಿದ್ದು. ಪೂರ್ವಜರ ಹಿರಿಮೆಯನ್ನು ಹೆಚ್ಚಿಸುವ ಆಸೆಯಿಂದ 'ಪಾರ್ಶ್ವ'ವನ್ನು 'ಕಡೆದ ಮುಖ'ವೆಂದು ಅನುವಾದಿಸಿದರೆ, ಅವರು ಮಾಡದ ಕೆಲಸವನ್ನು ಅವರಿಗೆ ಆರೋಪಿಸಿದಂತಾಗುವುದು. ಅವರು ನಿಜವಾಗಿ ಮಾಡಿದ ಕೆಲಸ, ಎಂದರೆ ಕಲ್ಲಿನ ಸಹಜರೂಪವನ್ನು ಎಣಿಸಿ ಅಳೆದು ನೋಡಿದ ಸೂಕ್ಷ್ಮದೃಷ್ಟಿ, ಮರೆಯಾಗುವುದು. ವ್ಯಾಖ್ಯಾನಕಾರರು ಮೂಲದ ಶಬ್ದಕ್ಕೂ ಸಾಣೆ ಹಿಡಿಯದೆ ಅದನ್ನು ಆಕರಜರೂಪದಲ್ಲಿಯೇ ಉಳಿಸಿಕೊಳ್ಳಬೇಕೆಂದು ವಿನಂತಿ.