ಗ್ರೀನ್ ಬೇ ಪ್ಯಾಕರ್ಸ್: ಇಂದಿನ ಕೊರತೆಗೋ, ನಾಳಿನ ಆಟಕ್ಕೋ ಆಯ್ಕೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ಗ್ರೀನ್ ಬೇ, ಸುಮಾರು ಒಂದು ಲಕ್ಷ ಜನಸಂಖ್ಯೆಯ ಪುಟ್ಟ ನಗರ. ನ್ಯೂಯಾರ್ಕ್, ಷಿಕಾಗೊ, ಡಲ್ಲಾಸ್‌ನಂತಹ ಮಹಾನಗರಗಳ ತಂಡಗಳಿರುವ ಎನ್‌ಎಫ್‌ಎಲ್, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಈ ಊರಿನ ಪ್ಯಾಕರ್ಸ್ ತಂಡ 13 ಬಾರಿ ಚಾಂಪಿಯನ್ ಆಗಿದೆ. ಬೇರೆ ಯಾವ ತಂಡಕ್ಕೂ ಇಷ್ಟು ಪ್ರಶಸ್ತಿಗಳು ದಕ್ಕಿಲ್ಲ. 1919ರಲ್ಲಿ ಸ್ಥಾಪನೆಯಾದ ಈ ತಂಡಕ್ಕೆ ಒಬ್ಬ ಮಾಲೀಕನೆಂಬುವನಿಲ್ಲ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರು ಇದರ ಒಡೆಯರು. ಅವರಿಗೆ ಲಾಭಾಂಶವಾಗಿ ಒಂದು ಡಾಲರ್ ಕೂಡ ಸಿಗುವುದಿಲ್ಲ.

ಈ ತಂಡ ಇನ್ನೊಂದು ಕಾರಣಕ್ಕೂ ಗಮನ ಸೆಳೆಯುತ್ತದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ನಡೆಯುವ ಆಟಗಾರರ ಆಯ್ಕೆಯಲ್ಲಿ, ಅಂದರೆ 'ಡ್ರಾಫ್ಟ್'ನಲ್ಲಿ, ಎಲ್ಲ ತಂಡಗಳೂ ಎದುರಿಸುವ ಪ್ರಶ್ನೆಯೊಂದಿದೆ. ತಂಡದಲ್ಲಿ ಕಣ್ಣಿಗೆ ಕಾಣುವ ಕೊರತೆಯನ್ನು ತುಂಬಬೇಕೇ ಅಥವಾ ಇಂದು ಅಗತ್ಯವಿಲ್ಲದಿದ್ದರೂ ನಾಳೆ ಆಧಾರವಾಗಬಲ್ಲ ಆಟಗಾರನನ್ನು ಆರಿಸಿಕೊಳ್ಳಬೇಕೇ? ಪ್ಯಾಕರ್ಸ್ 2005 ಮತ್ತು 2020ರಲ್ಲಿ ಎರಡನೆಯ ದಾರಿಯನ್ನು ಹಿಡಿಯಿತು. ಎರಡು ಬಾರಿಯೂ ಅಭಿಮಾನಿಗಳ ಸಿಟ್ಟಿಗೆ ಗುರಿಯಾಯಿತು. ಅದರ ಫಲವನ್ನೂ ಉಂಡಿತು, ಬೆಲೆಯನ್ನೂ ತೆತ್ತಿತು.

ಡ್ರಾಫ್ಟ್ ಎಂದರೇನು?

ಐಪಿಎಲ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಆಟಗಾರ ದಕ್ಕುತ್ತಾನೆ. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಹಣಕ್ಕೆ ಈ ಪಾತ್ರವಿಲ್ಲ, ಅಲ್ಲಿ ನಿರ್ಣಾಯಕವಾಗುವುದು ಸರದಿ. ಹಿಂದಿನ ಋತುವಿನಲ್ಲಿ ಅತ್ಯಂತ ಕಳಪೆ ಸಾಧನೆ ತೋರಿದ ತಂಡಕ್ಕೆ ಮೊದಲ ಆಯ್ಕೆ, ಸೂಪರ್ ಬೌಲ್ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. 32 ತಂಡಗಳು ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಪ್ರೌಢಶಿಕ್ಷಣ ಮುಗಿಸಿ ಮೂರು ವರ್ಷ ಕಳೆದವರು ಮಾತ್ರ ಇದಕ್ಕೆ ಅರ್ಹರು.

ದುರ್ಬಲ ತಂಡಗಳಿಗೆ ಬಲ ತುಂಬುವ ಉದ್ದೇಶದಿಂದ ಫಿಲಡೆಲ್ಫಿಯಾ ಈಗಲ್ಸ್‌ನ ಮಾಲೀಕ ಬರ್ಟ್ ಬೆಲ್ ಈ ವ್ಯವಸ್ಥೆಯನ್ನು ಸೂಚಿಸಿದರು. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ ಎಂಬುದು ಇತಿಹಾಸದ ಒಂದು ವಿನೋದ.

ಸರದಿಗಳನ್ನು ತಂಡಗಳು ಪರಸ್ಪರ ಬದಲಾಯಿಸಿಕೊಳ್ಳಬಹುದು. ಮುಂದಿನ ವರ್ಷಗಳ ಸರದಿಯನ್ನು ಕೊಟ್ಟು ಬೇರೆ ತಂಡದ ಆಟಗಾರನನ್ನು ಪಡೆಯುವುದೂ ಉಂಟು. ಹಾಗಾಗಿ ಸರದಿಯೆಂಬುದು ಇಲ್ಲಿ ಒಂದು ಬಗೆಯ ನಾಣ್ಯವೇ ಸರಿ.

ಕೊರತೆ ಹುಟ್ಟುವ ಬಗೆ

ಋತು ಆರಂಭವಾಗುವಾಗ ತಂಡವೊಂದರ ಮುಖ್ಯ ಪಟ್ಟಿಯಲ್ಲಿ 53 ಆಟಗಾರರಿಗೆ ಮಾತ್ರ ಸ್ಥಾನ. ಆಕ್ರಮಣಕ್ಕೆ 11 ಮಂದಿ, ರಕ್ಷಣೆಗೆ ಬೇರೆಯೇ 11 ಮಂದಿ, ಚೆಂಡು ಒದೆಯಲು ಪ್ರತ್ಯೇಕ ತಜ್ಞರು, ಇವರೆಲ್ಲರಿಗೆ ಬದಲಿ ಆಟಗಾರರು. ಒಬ್ಬೊಬ್ಬರ ಕೆಲಸವೂ ಭಿನ್ನ. ಚೆಂಡನ್ನು ಎಸೆದು ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ತಂಡದ ಮಿದುಳು. ಓಡಿ ಚೆಂಡು ಹಿಡಿಯುವವರು ರಿಸೀವರ್‌ಗಳು. ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನ ಮೇಲೆರಗದಂತೆ ತಡೆಯುವವರು ಗಾರ್ಡ್ ಮತ್ತು ಟ್ಯಾಕಲ್‌ಗಳು. ಒಬ್ಬರ ಜಾಗದಲ್ಲಿ ಮತ್ತೊಬ್ಬರನ್ನು ನಿಲ್ಲಿಸುವುದು ಸುಲಭವಲ್ಲ.

ಗುತ್ತಿಗೆ ಮುಗಿದ ಆಟಗಾರ ಬೇರೆ ತಂಡ ಸೇರಿದಾಗ, ವಯಸ್ಸಾದಾಗ, ಗಾಯಗೊಂಡಾಗ, ಹೊಸ ತರಬೇತುದಾರ ಆಟದ ವಿನ್ಯಾಸವನ್ನೇ ಬದಲಿಸಿದಾಗ ಕೊರತೆ ಹುಟ್ಟುತ್ತದೆ. ಇದಕ್ಕೆ ವೇತನ ಮಿತಿಯೂ ಸೇರಿಕೊಳ್ಳುತ್ತದೆ. 1994ರಿಂದ ಪ್ರತಿ ತಂಡ ಆಟಗಾರರಿಗೆ ನೀಡಬಹುದಾದ ಒಟ್ಟು ಮೊತ್ತಕ್ಕೆ ಕಡಿವಾಣವಿದೆ. 2025ರಲ್ಲಿ ಈ ಮಿತಿ 27.92 ಕೋಟಿ ಡಾಲರ್ ಇತ್ತು. ಎಲ್ಲ ಜಾಗಕ್ಕೂ ತಾರೆಗಳನ್ನು ತರುವುದು ಅಸಾಧ್ಯವಾದ್ದರಿಂದ, ನಾಲ್ಕು ವರ್ಷಗಳ ಗುತ್ತಿಗೆಯ ಮೇಲೆ ಕಡಿಮೆ ವೇತನಕ್ಕೆ ದೊರೆಯುವ ಡ್ರಾಫ್ಟ್ ಆಟಗಾರರೇ ತಂಡದ ಬೆನ್ನೆಲುಬಾಗುತ್ತಾರೆ.

ರಾನ್ ವುಲ್ಫ್ ಹಾಕಿದ ಹಾದಿ

ಪ್ಯಾಕರ್ಸ್‌ನ ಇಂದಿನ ಧೋರಣೆಗೆ ಬುನಾದಿ ಹಾಕಿದವರು ರಾನ್ ವುಲ್ಫ್. 1992ರಲ್ಲಿ ಜನರಲ್ ಮ್ಯಾನೇಜರ್ ಆಗಿದ್ದ ಅವರು ಮೊದಲ ಸುತ್ತಿನ ಸರದಿಯೊಂದನ್ನು ಅಟ್ಲಾಂಟಾ ಫಾಲ್ಕನ್ಸ್ ತಂಡಕ್ಕೆ ಕೊಟ್ಟು, ಅಲ್ಲಿ ಬೆಂಚು ಕಾಯುತ್ತಿದ್ದ ಬ್ರೆಟ್ ಫಾರ್ವ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಕರೆತಂದರು. ಅದೇ ಫಾರ್ವ್ 1997ರ ಜನವರಿಯಲ್ಲಿ ಗ್ರೀನ್ ಬೇಗೆ ಸೂಪರ್ ಬೌಲ್ ಗೆದ್ದುಕೊಟ್ಟರು.

ಫಾರ್ವ್ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದೆ ಆಡುತ್ತಿದ್ದರೂ ವುಲ್ಫ್ ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸುವುದನ್ನು ಬಿಡಲಿಲ್ಲ. 1993ರಲ್ಲಿ ಮಾರ್ಕ್ ಬ್ರೂನೆಲ್, 1998ರಲ್ಲಿ ಮ್ಯಾಟ್ ಹ್ಯಾಸಲ್‌ಬೆಕ್, 1999ರಲ್ಲಿ ಆ್ಯರನ್ ಬ್ರೂಕ್ಸ್ ಬಂದರು. ಮೂವರೂ ಮುಂದೆ ಬೇರೆ ಬೇರೆ ತಂಡಗಳಿಗೆ ವಿನಿಮಯವಾಗಿ ಅಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗಳಾದರು. ಬೇಡದ ಕಾಲದಲ್ಲಿ ಆರಿಸಿದ ಆಟಗಾರನೂ ವ್ಯರ್ಥವಲ್ಲ ಎಂಬ ಪಾಠ ಅಲ್ಲಿ ದೊರೆಯಿತು.

2005: ಯಾರಿಗೂ ಬೇಡವಾದ ರಾಜರ್ಸ್

ವುಲ್ಫ್ ಗರಡಿಯಲ್ಲಿ ಪಳಗಿದ್ದ ಟೆಡ್ ಥಾಂಪ್ಸನ್ 2005ರ ಜನವರಿಯಲ್ಲಿ ಜನರಲ್ ಮ್ಯಾನೇಜರ್ ಆದರು. ಹಿಂದಿನ ಋತುವಿನಲ್ಲಿ ತಂಡ 10 ಪಂದ್ಯ ಗೆದ್ದು 6ರಲ್ಲಿ ಸೋತಿತ್ತು. ಆದರೆ ಅನುಭವಿ ಗಾರ್ಡ್‌ಗಳಾದ ಮಾರ್ಕೊ ರಿವೇರಾ ಮತ್ತು ಮೈಕ್ ವಾಲ್ ತಂಡ ತೊರೆದಿದ್ದರು. ರಕ್ಷಣೆಯ ಹಿರಿಯ ಆಟಗಾರ ಡ್ಯಾರನ್ ಶಾರ್ಪರ್ ಕೂಡ ಇರಲಿಲ್ಲ. ಎಲ್ಲಿ ತೇಪೆ ಹಾಕಬೇಕೆಂಬುದು ಯಾರಿಗೂ ತಿಳಿಯುವಂತಿತ್ತು.

ಆ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯರನ್ ರಾಜರ್ಸ್ ಮೊದಲ ಸರದಿಯಲ್ಲೇ ಆಯ್ಕೆಯಾಗಬಹುದೆಂಬ ನಿರೀಕ್ಷೆಯಿತ್ತು. ಆದರೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ಅಲೆಕ್ಸ್ ಸ್ಮಿತ್ ಅವರನ್ನು ಆರಿಸಿಕೊಂಡಿತು. ಅಲ್ಲಿಂದ ಮುಂದೆ ತಂಡದ ಮೇಲೆ ತಂಡ ರಾಜರ್ಸ್ ಅವರನ್ನು ದಾಟಿ ಹೋಯಿತು. ನ್ಯೂಯಾರ್ಕ್‌ನ ಸಭಾಂಗಣದಲ್ಲಿ ಟಿ.ವಿ. ಕ್ಯಾಮೆರಾಗಳೆದುರು ಅವರು ನಾಲ್ಕು ಗಂಟೆಗೂ ಹೆಚ್ಚು ಕಾಲ ಕಾದು ಕುಳಿತರು. 24ನೇ ಸರದಿಯಲ್ಲಿ ಥಾಂಪ್ಸನ್ ಅವರ ಹೆಸರನ್ನು ಸೂಚಿಸಿದರು. 35 ವರ್ಷದ ಫಾರ್ವ್ ಇನ್ನೂ ತಂಡದ ಆರಾಧ್ಯದೈವವಾಗಿದ್ದ ಕಾಲವದು.

ಕೂಡಲೇ ಸಿಕ್ಕ ಫಲ ಕಹಿಯಾಗಿತ್ತು. 2005ರಲ್ಲಿ ತಂಡ ಗೆದ್ದದ್ದು ನಾಲ್ಕೇ ಪಂದ್ಯ, ಸೋಲು 12. ರಾಜರ್ಸ್ ಮೂರು ವರ್ಷ ಬೆಂಚಿನ ಮೇಲೆಯೇ ಕಳೆದರು. 2008ರಲ್ಲಿ ನಿವೃತ್ತಿ ಘೋಷಿಸಿದ ಫಾರ್ವ್ ಮನಸ್ಸು ಬದಲಿಸಿ ಮರಳಿ ಬಂದಾಗ ತಂಡ ಅವರನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳುಹಿಸಿ, ರಾಜರ್ಸ್ ಮೇಲೆ ಭರವಸೆಯಿಟ್ಟಿತು. ಮೊದಲ ವರ್ಷ ಗೆಲುವು 6, ಸೋಲು 10. ಟೀಕೆಗಳಿಗೆ ಕೊರತೆಯಿರಲಿಲ್ಲ.

2011ರ ಫೆಬ್ರುವರಿ 6ರಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ 31-25ರಿಂದ ಸೂಪರ್ ಬೌಲ್ ಗೆದ್ದಾಗ ಪಂದ್ಯಶ್ರೇಷ್ಠರಾದವರು ಇದೇ ರಾಜರ್ಸ್. ಆ ಪಂದ್ಯದಲ್ಲಿ ಎದುರಾಳಿಯ ಎಸೆತವನ್ನು ಕಸಿದು ಅಂಕ ಗಳಿಸಿದ ನಿಕ್ ಕಾಲಿನ್ಸ್ 2005ರ ಎರಡನೇ ಸುತ್ತಿನ ಆಯ್ಕೆ. ಅದೇ ಸುತ್ತಿನಲ್ಲಿ ಬಂದ ರಿಸೀವರ್ ಟೆರೆನ್ಸ್ ಮರ್ಫಿ ಅವರ ಕತೆ ಬೇರೆ. ಮೂರು ಪಂದ್ಯವಾಡುವಷ್ಟರಲ್ಲಿ ಕುತ್ತಿಗೆಯ ಗಾಯ ಅವರ ಕ್ರೀಡಾಜೀವನವನ್ನು ಮುಗಿಸಿಬಿಟ್ಟಿತು. ಎಷ್ಟೇ ಅಳೆದು ತೂಗಿದರೂ ಡ್ರಾಫ್ಟ್‌ನಲ್ಲಿ ಅದೃಷ್ಟದ ಪಾಲು ಇದ್ದೇ ಇರುತ್ತದೆ.

2009: ಕೊರತೆಯೇ ದಾರಿ ತೋರಿದಾಗ

ಥಾಂಪ್ಸನ್ ಯಾವಾಗಲೂ ತಂಡದ ಅಗತ್ಯವನ್ನು ಕಡೆಗಣಿಸುತ್ತಿದ್ದರು ಎನ್ನಲಾಗದು. 2009ರಲ್ಲಿ ರಕ್ಷಣಾ ವಿಭಾಗದ ಹೊಣೆ ಹೊತ್ತ ಡಾಮ್ ಕೇಪರ್ಸ್, ಮುಂಚೂಣಿಯಲ್ಲಿ ಮೂವರು ಮತ್ತು ಅವರ ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳು ನಿಲ್ಲುವ 3-4 ವ್ಯೂಹವನ್ನು ತಂದರು. ಈ ವ್ಯೂಹಕ್ಕೆ ನಡುವೆ ಬಂಡೆಯಂತೆ ನಿಲ್ಲುವ ದೈತ್ಯನೊಬ್ಬ, ಅಂಚಿನಿಂದ ನುಗ್ಗುವ ಚುರುಕಿನ ಲೈನ್‌ಬ್ಯಾಕರ್ ಒಬ್ಬ ಬೇಕಿತ್ತು.

9ನೇ ಸರದಿಯಲ್ಲಿ ಬಿ.ಜೆ. ರಾಜಿ ಆಯ್ಕೆಯಾದರು. ಬಳಿಕ ಥಾಂಪ್ಸನ್ ತಮ್ಮ ಸ್ವಭಾವಕ್ಕೆ ವಿರುದ್ಧವಾಗಿ, ಒಂದು ಎರಡನೇ ಸುತ್ತಿನ ಮತ್ತು ಎರಡು ಮೂರನೇ ಸುತ್ತಿನ ಸರದಿಗಳನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಕೊಟ್ಟು 26ನೇ ಸರದಿಯನ್ನು ಪಡೆದರು. ಐದನೇ ಸುತ್ತಿನ ಸರದಿಯೊಂದು ಜತೆಗೆ ಬಂತು. 26ನೇ ಸರದಿಯಲ್ಲಿ ಬಂದವರು ಕ್ಲೇ ಮ್ಯಾಥ್ಯೂಸ್. ಎರಡೇ ಋತುಗಳಲ್ಲಿ ತಂಡ ಸೂಪರ್ ಬೌಲ್ ಗೆದ್ದಾಗ ಇಬ್ಬರೂ ರಕ್ಷಣೆಯ ಆಧಾರಸ್ತಂಭಗಳಾಗಿದ್ದರು. ಕ್ವಾರ್ಟರ್‌ಬ್ಯಾಕ್ ಸಿದ್ಧನಾಗಿದ್ದ ಕಾರಣ ಉಳಿದ ಕೊರತೆಗಳತ್ತ ಕೈಚಾಚುವುದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

2020: ಅದೇ ಪ್ರಶ್ನೆ, ಹೆಚ್ಚಿನ ಬೆಲೆ

2018ರಲ್ಲಿ ಜನರಲ್ ಮ್ಯಾನೇಜರ್ ಆದ ಬ್ರಯಾನ್ ಗುಟೆಕುನ್ಸ್ಟ್ ಎದುರು 2020ರಲ್ಲಿ ಇತಿಹಾಸ ಮರುಕಳಿಸಿತು. ಹಿಂದಿನ ಋತುವಿನಲ್ಲಿ 13 ಪಂದ್ಯ ಗೆದ್ದಿದ್ದ ತಂಡ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿಯಿರುವಾಗ 49ಅರ್ಸ್‌ಗೆ ಸೋತಿತ್ತು. 36 ವರ್ಷದ ರಾಜರ್ಸ್‌ಗೆ ನಂಬಿಕಸ್ತ ರಿಸೀವರ್ ಎಂದರೆ ಡವಾಂಟೆ ಆ್ಯಡಮ್ಸ್ ಮಾತ್ರ. ಇನ್ನೊಬ್ಬ ರಿಸೀವರ್ ಸಿಕ್ಕರೆ ಪ್ರಶಸ್ತಿ ಕೈಗೆಟುಕುತ್ತದೆಂಬುದು ಸಾರ್ವತ್ರಿಕ ಅಭಿಪ್ರಾಯವಾಗಿತ್ತು.

ಗುಟೆಕುನ್ಸ್ಟ್ ನಾಲ್ಕನೇ ಸುತ್ತಿನ ಸರದಿಯೊಂದನ್ನು ಮಯಾಮಿ ಡಾಲ್ಫಿನ್ಸ್‌ಗೆ ಹೆಚ್ಚುವರಿಯಾಗಿ ಕೊಟ್ಟು, 30ರಿಂದ 26ನೇ ಸರದಿಗೆ ಜಿಗಿದು ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಅವರನ್ನು ಆರಿಸಿದರು. ಎರಡನೇ ಸುತ್ತಿನಲ್ಲಿ ರನ್ನಿಂಗ್ ಬ್ಯಾಕ್ ಎ.ಜೆ. ಡಿಲನ್ ಬಂದರು. ಏಳು ಸುತ್ತುಗಳಲ್ಲಿ ಒಬ್ಬ ರಿಸೀವರ್ ಕೂಡ ಆಯ್ಕೆಯಾಗಲಿಲ್ಲ. 33ನೇ ಸರದಿಯಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಸೇರಿದ ರಿಸೀವರ್ ಟೀ ಹಿಗಿನ್ಸ್ 26ನೇ ಸರದಿಯಲ್ಲಿ ಇನ್ನೂ ಲಭ್ಯರಿದ್ದರು.

ರಾಜರ್ಸ್ 2020 ಮತ್ತು 2021ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಗೆದ್ದು ಉತ್ತರ ಕೊಟ್ಟರು. ಆದರೆ 2021ರ ಜನವರಿಯಲ್ಲಿ ತವರು ಅಂಗಣದಲ್ಲೇ ಟ್ಯಾಂಪಾ ಬೇ ಬಕನೀರ್ಸ್ ವಿರುದ್ಧ 26-31ರಿಂದ ಸೋತ ತಂಡ ಮತ್ತೆ ಸೂಪರ್ ಬೌಲ್ ತಲುಪದಾಯಿತು. ಆಡಳಿತದ ಬಗ್ಗೆ ರಾಜರ್ಸ್ ಅಸಮಾಧಾನ ಬಹಿರಂಗವಾಯಿತು. 2022ರಲ್ಲಿ ಆ್ಯಡಮ್ಸ್ ಲಾಸ್ ವೇಗಸ್ ರೈಡರ್ಸ್‌ಗೆ, 2023ರಲ್ಲಿ ರಾಜರ್ಸ್ ಜೆಟ್ಸ್‌ಗೆ ಹೋದರು. ಫಾರ್ವ್ ತುಳಿದ ಹಾದಿಯನ್ನೇ ಅವರ ಉತ್ತರಾಧಿಕಾರಿಯೂ ತುಳಿದಂತಾಯಿತು.

ಲವ್ ಕೂಡ ಮೂರು ವರ್ಷ ಕಾದರು. 2023ರ ಋತುವಿನಲ್ಲಿ ತಂಡವನ್ನು ನಾಕೌಟ್ ಹಂತಕ್ಕೆ ಕೊಂಡೊಯ್ದು, ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅದರ ನೆಲದಲ್ಲೇ 48-32ರಿಂದ ಮಣಿಸಿದರು. 2024ರ ಜುಲೈನಲ್ಲಿ 22 ಕೋಟಿ ಡಾಲರ್ ಮೊತ್ತದ ನಾಲ್ಕು ವರ್ಷಗಳ ಗುತ್ತಿಗೆ ವಿಸ್ತರಣೆಗೆ ಸಹಿ ಹಾಕಿದರು.

2025: ತವರಿನಲ್ಲಿ ಡ್ರಾಫ್ಟ್

2025ರ ಏಪ್ರಿಲ್ 24ರಿಂದ 26ರವರೆಗೆ ಡ್ರಾಫ್ಟ್ ಗ್ರೀನ್ ಬೇಯಲ್ಲೇ ನಡೆಯಿತು. ರಿಸೀವರ್ ಕ್ರಿಶ್ಚಿಯನ್ ವಾಟ್ಸನ್ ಅದೇ ಜನವರಿಯಲ್ಲಿ ಮಂಡಿಗೆ ಗಂಭೀರ ಗಾಯ ಮಾಡಿಕೊಂಡಿದ್ದರಿಂದ ಕೊರತೆ ಸ್ಪಷ್ಟವಾಗಿತ್ತು. 23ನೇ ಸರದಿಯಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗೋಲ್ಡನ್ ಆಯ್ಕೆಯಾದರು. 2002ರ ಬಳಿಕ ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ರಿಸೀವರ್ ಒಬ್ಬನನ್ನು ಆರಿಸಿದ್ದು ಅದೇ ಮೊದಲು. ಎರಡನೇ ಸುತ್ತಿನಲ್ಲಿ ಟ್ಯಾಕಲ್ ಆಂಥೊನಿ ಬೆಲ್ಟನ್, ಮೂರನೇ ಸುತ್ತಿನಲ್ಲಿ ಮತ್ತೊಬ್ಬ ರಿಸೀವರ್ ಸವಿಯನ್ ವಿಲಿಯಮ್ಸ್ ಬಂದರು.

ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆರಗುವ ಸಮರ್ಥ ಆಟಗಾರನ ಕೊರತೆ ಮಾತ್ರ ಹಾಗೆಯೇ ಉಳಿಯಿತು. ಆಗಸ್ಟ್‌ನಲ್ಲಿ ತಂಡ 2026 ಮತ್ತು 2027ರ ಮೊದಲ ಸುತ್ತಿನ ಸರದಿಗಳ ಜತೆಗೆ ಹಿರಿಯ ಆಟಗಾರ ಕೆನ್ನಿ ಕ್ಲಾರ್ಕ್ ಅವರನ್ನು ಡಲ್ಲಾಸ್‌ಗೆ ಕೊಟ್ಟು ಮೈಕಾ ಪಾರ್ಸನ್ಸ್ ಅವರನ್ನು ಪಡೆಯಿತು. ಅವರೊಂದಿಗಿನ ಒಪ್ಪಂದ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್. ನಾಳೆಗಾಗಿ ಇಂದನ್ನು ಬಿಟ್ಟುಕೊಡುತ್ತ ಬಂದಿದ್ದ ತಂಡ ಈ ಬಾರಿ ಇಂದಿಗಾಗಿ ನಾಳೆಯನ್ನು ಅಡವಿಟ್ಟಿತು. ಡಿಸೆಂಬರ್‌ನಲ್ಲಿ ಡೆನ್ವರ್ ಬ್ರಾಂಕೋಸ್ ವಿರುದ್ಧದ ಪಂದ್ಯದಲ್ಲಿ ಪಾರ್ಸನ್ಸ್ ಮಂಡಿಯ ಗಾಯಕ್ಕೆ ತುತ್ತಾಗಿ ಆ ಋತುವಿನಿಂದ ಹೊರಬಿದ್ದರು.

ಲಾಭ ನಷ್ಟದ ಲೆಕ್ಕ

1992ರಿಂದ 2022ರವರೆಗಿನ ಮೂರು ದಶಕಗಳಲ್ಲಿ ಪ್ಯಾಕರ್ಸ್‌ಗೆ ಇದ್ದದ್ದು ಇಬ್ಬರೇ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗಳು. ಅಗತ್ಯ ಬೀಳುವ ಮೊದಲೇ ಉತ್ತರಾಧಿಕಾರಿಯನ್ನು ಸಿದ್ಧಪಡಿಸಿದ್ದರ ಫಲವಿದು. ಹೀಗಿದ್ದೂ ಈ ಅವಧಿಯಲ್ಲಿ ಗೆದ್ದ ಸೂಪರ್ ಬೌಲ್‌ಗಳು ಎರಡು ಮಾತ್ರ ಎಂಬುದು ಟೀಕಾಕಾರರ ವಾದ. 2020ರಲ್ಲಿ ರಿಸೀವರ್ ಒಬ್ಬನನ್ನು ಆರಿಸಿದ್ದರೆ ಮೂರನೆಯದೂ ಬರುತ್ತಿತ್ತೆಂದು ಅವರು ಹೇಳುತ್ತಾರೆ. ಹಾಗೆ ಮಾಡಿದ್ದರೆ 2023ರಲ್ಲಿ ಚೆಂಡು ಎಸೆಯಲು ಯಾರಿರುತ್ತಿದ್ದರು ಎಂಬುದು ಆಯ್ಕೆಯನ್ನು ಸಮರ್ಥಿಸುವವರ ಮರುಪ್ರಶ್ನೆ.

ಆಯ್ಕೆಯ ಸರಿತಪ್ಪುಗಳು ಡ್ರಾಫ್ಟ್ ನಡೆದ ರಾತ್ರಿ ನಿರ್ಧಾರವಾಗುವುದಿಲ್ಲ. ರಾಜರ್ಸ್ ಆಯ್ಕೆ ಸರಿಯೆಂದು ಒಪ್ಪಿತವಾಗಲು ಸುಮಾರು ಆರು ವರ್ಷ ಬೇಕಾಯಿತು. ಪಾರ್ಸನ್ಸ್‌ಗಾಗಿ ಕೊಟ್ಟ ಎರಡು ಸರದಿಗಳ ಬೆಲೆ ಎಷ್ಟೆಂಬುದು ಆ ಸರದಿಗಳಲ್ಲಿ ಆಯ್ಕೆಯಾಗುವ ಹುಡುಗರು ಕೆಲವು ಋತುಗಳನ್ನಾದರೂ ಆಡಿದ ಮೇಲಷ್ಟೇ ತಿಳಿಯಲಿದೆ.