ಹಿಡಿದು ಬಿಡುವ ವಿದ್ಯೆ

ತ್ಯಾವಣಿಗೆಯ ಕಡೆ ಕಣದಲ್ಲಿ ಭತ್ತ ತೂರಿದವರಿಗೆ ಬೇರ್ಪಡಿಸುವ ವಿದ್ಯೆಯ ಎರಡು ಸೂತ್ರಗಳು ಹೊಸವಲ್ಲ. ಗಾಳಿ ಹಗುರವಾದುದನ್ನು ಒಯ್ಯುತ್ತದೆ. ಜರಡಿ ಸಣ್ಣದನ್ನು ಕೆಳಗಿಳಿಸುತ್ತದೆ. ಆದರೆ ಜೀವಿಗಳ ರಸದಲ್ಲಿ ಕಲೆತಿರುವ ಅಸಂಖ್ಯ ಪ್ರೋಟೀನುಗಳೂ ಪೆಪ್ಟೈಡುಗಳೂ ತೂಕದಲ್ಲಿ, ಗಾತ್ರದಲ್ಲಿ ಒಂದನ್ನೊಂದು ಹೋಲುವುದೇ ಹೆಚ್ಚು. ಅಲ್ಲಿ ಮೂರನೆಯ ಸೂತ್ರವೊಂದು ಬೇಕಾಯಿತು: ಯಾವುದು ಯಾವುದಕ್ಕೆ ಒಲಿಯುತ್ತದೆ ಎಂಬುದು.

ಇದನ್ನು ಮೊದಲು ಕಂಡವರಲ್ಲಿ ಪ್ರಾಗ್ ನಗರದ ಎಮಿಲ್ ಸ್ಟಾರ್ಕೆನ್‌ಸ್ಟೈನ್ ಒಬ್ಬರು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವವು ಕರಗದ ಪಿಷ್ಟಕ್ಕೆ ತಾನಾಗಿ ಅಂಟಿಕೊಳ್ಳುವುದನ್ನು ಅವರು 1910ರಲ್ಲಿ ತೋರಿಸಿದರು. ಈ ವಿದ್ವಾಂಸರು 1942ರಲ್ಲಿ ನಾಟ್ಸಿಗಳ ಸೆರೆಶಿಬಿರದಲ್ಲಿ ಅಸುನೀಗಿದರು. ಅವರ ಸೂಚನೆ ಬೆಳೆಯಲು ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿಯಿತು. 1967ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಪೊರಾತ್ ಮತ್ತು ಸಂಗಡಿಗರು ಸಕ್ಕರೆಯ ಸರಪಳಿಗಳಿಂದಾದ ಜೆಲ್‌ಗಳಿಗೆ ಬೇಕಾದ ಅಣುವನ್ನು ಬಿಗಿಯುವ ದಾರಿ ತೋರಿದರು. ಮರುವರ್ಷವೇ ಅಮೆರಿಕದಲ್ಲಿ ಕ್ವಾಟ್ರೆಕಾಸಾಸ್, ವಿಲ್ಚೆಕ್, ಅನ್‌ಫಿನ್ಸೆನ್ ಕಡಲಪಾಚಿಯ ಅಗರೋಸ್ ಜೆಲ್‌ನ ಮೇಲೆ ಆ ವಿದ್ಯೆಯನ್ನು ಪೂರ್ಣವಾಗಿ ಪ್ರಯೋಗಿಸಿದರು. ಅವರ ಅನುಭವದ ಒಂದು ವಿವರ ಬಹು ಸ್ವಾರಸ್ಯಕರವಾದುದು. ಕೈಮೊಟ್ರಿಪ್ಸಿನ್ ಕಿಣ್ವವನ್ನು ಸೆಳೆಯಬೇಕಾದ ಅಣುವನ್ನು ಜೆಲ್‌ಗೆ ನೇರವಾಗಿ ಅಂಟಿಸಿದಾಗ ಹಿಡಿತ ದುರ್ಬಲವಾಗಿತ್ತು. ನಡುವೆ ಒಂದು ಚಿಕ್ಕ ತೋಳನ್ನು ಜೋಡಿಸಿದೊಡನೆ ಕಿಣ್ವ ಸಿಕ್ಕಿಬಿದ್ದಿತು. ಗೋಡೆಗೆ ಒತ್ತಿಕೊಂಡ ಕೈ ಯಾರನ್ನು ತಾನೆ ಹಿಡಿದೀತು!

ಹಿಡಿಯುವುದಕ್ಕಿಂತ ಬಿಡಿಸುವುದು ಕಷ್ಟ. ಮೊಟ್ಟೆಯ ಬಿಳಿಯ ಲೋಳೆಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಜೀವಸತ್ವವನ್ನು ಕಚ್ಚಿಹಿಡಿಯುವ ಬಿಗಿ ಎಂಥದೆಂದರೆ, ಬಯೋಟಿನ್ ಬಿಗಿದ ಜೆಲ್‌ನಿಂದ ಅದನ್ನು ಬಿಡಿಸಲು ತೀವ್ರ ಆಮ್ಲವೂ ಗ್ವಾನಿಡಿನ್‌ನ ಗಾಢ ದ್ರಾವಣವೂ ಬೇಕಾದವು. ಹಾಗೆ ಬಿಡಿಸುವಾಗ ನಾಜೂಕಾದ ಪ್ರೋಟೀನು ಕೆಟ್ಟೇ ಹೋದೀತು. ಆದ್ದರಿಂದ ಈ ಜೆಲ್‌ಗಳನ್ನು ರೂಪಿಸುವವರು ನೆಚ್ಚುವುದು ನಡುತರದ ಒಲವನ್ನು.

ಇದಕ್ಕೆ ನಮ್ಮ ಹಿತ್ತಿಲಿನದೇ ಒಂದು ನಿದರ್ಶನವುಂಟು. ಗೋರಿಕಾಯಿಯ ಬೀಜದ ಅಂಟು ಮ್ಯಾನೋಸ್ ಸಕ್ಕರೆಯ ಸರಪಳಿ. ಅದರ ಮೈತುಂಬ ಗ್ಯಾಲಕ್ಟೋಸ್‌ನ ಕವಲುಗಳು. ಹರಳಿನ ಬೀಜದ ಘೋರ ವಿಷವಾದ ರಿಸಿನ್‌ಗೂ ಅದರ ಸೋದರ ಪ್ರೋಟೀನಿಗೂ ಗ್ಯಾಲಕ್ಟೋಸ್ ಎಂದರೆ ಒಲವು. ಅಪ್ಪುಕುಟ್ಟನ್, ಸುರೋಲಿಯಾ, ಬಚ್ಛಾವತ್ 1977ರಲ್ಲಿ ಈ ಅಂಟನ್ನು ನೀರಿನಲ್ಲಿ ಕರಗದಂತೆ ಹೆಣೆದು, ಅವೆರಡನ್ನೂ ಅದರಿಂದ ಸೆರೆಹಿಡಿದರು. ಇಂಥ ಜೆಲ್‌ನಿಂದ ಬಿಡಿಸಲು ಸಕ್ಕರೆಯ ನೀರು ಸಾಕು: ಕೈಗೆ ಬಿಡಿ ಸಕ್ಕರೆ ಸಿಕ್ಕಿದಾಗ ಪ್ರೋಟೀನು ಜೆಲ್ಲನ್ನು ಬಿಟ್ಟು ಹೊರಡುತ್ತದೆ. ದುಬಾರಿ ವಿದೇಶಿ ಜೆಲ್‌ಗಳಿಗೆ ಕಾಯುತ್ತಿದ್ದ ಪ್ರಯೋಗಶಾಲೆಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲವೆಂದು ನನ್ನ ಎಣಿಕೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಆರ್. ಅಡಿಗರು ಕೋಳಿಮೊಟ್ಟೆಯನ್ನೇ ತಮ್ಮ ಗ್ರಂಥವಾಗಿಸಿಕೊಂಡಿದ್ದರು. ಮರಿಗೆಂದು ತಾಯಿಕೋಳಿ ಜೀವಸತ್ವಗಳನ್ನು ವಾಹಕ ಪ್ರೋಟೀನುಗಳ ಮೂಲಕ ಮೊಟ್ಟೆಯಲ್ಲಿ ತುಂಬಿಡುತ್ತದೆ. ರೈಬೋಫ್ಲೇವಿನ್ನಿನ ವಾಹಕವಿಲ್ಲದ ಕೋಳಿಯ ಮೊಟ್ಟೆಯಲ್ಲಿ ಭ್ರೂಣ ಬದುಕುವುದಿಲ್ಲ. ಹಾಗಾದರೆ ಥಯಾಮಿನ್‌ಗೂ ವಾಹಕವುಂಟೆ? 1979ರಲ್ಲಿ ಕೆ. ಮುನಿಯಪ್ಪ ಮತ್ತು ಅಡಿಗರು ಥಯಾಮಿನ್ನಿನ ಫಾಸ್ಫೇಟ್ ರೂಪವೊಂದನ್ನು ಜೆಲ್‌ಗೆ ಬಿಗಿದು, ಬಿಳಿಯ ಲೋಳೆಯನ್ನು ಅದರ ಮೂಲಕ ಹರಿಯಿಸಿದರು. ಮಿಕ್ಕ ಪ್ರೋಟೀನುಗಳು ಹರಿದುಹೋದವು. ಅರಸಿದ ವಾಹಕ ಉಳಿಯಿತು. ಶುದ್ಧವಾಗಿ ಕೈಸೇರಿದ ಮೇಲೆ ಅದು ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟಿತು: ರೈಬೋಫ್ಲೇವಿನ್ನಿನ ವಾಹಕದೊಡನೆ ಅದು ಒಂದಕ್ಕೊಂದರಂತೆ ಜೊತೆಗೂಡುತ್ತಿತ್ತು.