ಗೇಮಿಂಗ್ ಲ್ಯಾಪ್‌ಟಾಪಿಗೆ ಕೂಲಿಂಗ್ ಪ್ಯಾಡ್: ದೀಪ ಬಿಡಿ, ಅಡಿಭಾಗ ನೋಡಿ

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೂಲಿಂಗ್ ಪ್ಯಾಡ್ ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ದೀಪ, ಆಮೇಲೆ ಫ್ಯಾನುಗಳ ಸಂಖ್ಯೆ. ಲ್ಯಾಪ್‌ಟಾಪಿನ ಬಿಸಿಗೂ ಇವೆರಡಕ್ಕೂ ನಂಟು ತೀರಾ ಕಡಿಮೆ. ಕೂಲಿಂಗ್ ಪ್ಯಾಡ್ ಎಂದರೆ ಲ್ಯಾಪ್‌ಟಾಪಿನ ಕೆಳಗೆ ಇಡುವ, ಫ್ಯಾನು ಜೋಡಿಸಿದ ಇಳಿಜಾರು ಹಲಗೆ. ಅದು ಎ.ಸಿ. ಅಲ್ಲ, ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯಲ್ಲಿ ಇರುವ ಗಾಳಿಯನ್ನೇ ಲ್ಯಾಪ್‌ಟಾಪಿನ ಒಳಗಿನ ಫ್ಯಾನುಗಳಿಗೆ ಸಲೀಸಾಗಿ ಸಿಗುವಂತೆ ಮಾಡುತ್ತದೆ. ಹಾಗಾಗಿ ಯಾವ ಪ್ಯಾಡ್ ಒಳ್ಳೆಯದು ಎನ್ನುವ ಪ್ರಶ್ನೆಗೆ ಉತ್ತರ ಇರುವುದು ಪ್ಯಾಡಿನಲ್ಲಲ್ಲ, ನಿಮ್ಮ ಲ್ಯಾಪ್‌ಟಾಪಿನ ತಳದಲ್ಲಿ.

ಬಿಸಿ ಹುಟ್ಟುವ ಜಾಗ, ಹೊರಹೋಗುವ ದಾರಿ

ಗೇಮ್ ಆಡುವಾಗ ಕಾಯುವುದು ಮುಖ್ಯವಾಗಿ ಎರಡು: ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿಗೆ 35ರಿಂದ 115 ವ್ಯಾಟ್‌ವರೆಗೆ ವಿದ್ಯುತ್ ಕೊಡುವ ಅವಕಾಶ ಲ್ಯಾಪ್‌ಟಾಪ್ ತಯಾರಕರಿಗಿದೆ. ಆರ್‌ಟಿಎಕ್ಸ್ 4090ಕ್ಕೆ ಈ ಮಿತಿ 80ರಿಂದ 150 ವ್ಯಾಟ್. ಹೆಸರು ಒಂದೇ ಇದ್ದರೂ ಒಂದು ಲ್ಯಾಪ್‌ಟಾಪ್ ಇನ್ನೊಂದಕ್ಕಿಂತ ಹೆಚ್ಚು ಕಾಯುವುದಕ್ಕೆ ಇದೂ ಒಂದು ಕಾರಣ. ಚಿಪ್ಪು ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ಹೊರಬೀಳುತ್ತದೆ.

ಆ ಬಿಸಿಯನ್ನು ತಾಮ್ರದ ಹೀಟ್ ಪೈಪುಗಳು ಅಂಚಿನಲ್ಲಿರುವ ತೆಳು ಲೋಹದ ಹಾಳೆಗಳಿಗೆ ಸಾಗಿಸುತ್ತವೆ. ಪೈಪಿನೊಳಗೆ ಒಂದಿಷ್ಟು ದ್ರವ ಇರುತ್ತದೆ. ಚಿಪ್ಪಿನ ಬಳಿ ಅದು ಆವಿಯಾಗಿ, ಹಾಳೆಗಳ ಬಳಿ ತಣಿದು, ಮತ್ತೆ ಹಿಂದಕ್ಕೆ ಹರಿಯುತ್ತದೆ. ಒಳಗಿನ ಫ್ಯಾನು ಸಾಮಾನ್ಯವಾಗಿ ತಳದ ಕಿಂಡಿಗಳಿಂದ ಗಾಳಿ ಎಳೆದು, ಹಾಳೆಗಳ ನಡುವೆ ತೂರಿಸಿ, ಹಿಂದಿನಿಂದ ಅಥವಾ ಪಕ್ಕದಿಂದ ಹೊರಗೆ ತಳ್ಳುತ್ತದೆ.

ಬಿಸಿ ಮಿತಿ ಮೀರಿದರೆ ಚಿಪ್ಪು ಸುಟ್ಟುಹೋಗುವುದಿಲ್ಲ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ರೈಜನ್‌ನ ಹಲವಕ್ಕೆ 95 ಡಿಗ್ರಿ ಗಡಿ. ಅಲ್ಲಿಗೆ ಮುಟ್ಟುತ್ತಿದ್ದಂತೆ ಅವು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಆಟದ ನಡುವೆ ಚಿತ್ರ ತಡವರಿಸುವುದು ಎಷ್ಟೋ ಸಲ ಇದರಿಂದಲೇ. ಭಾರೀ ಗೇಮಿನಲ್ಲಿ ಪ್ರೊಸೆಸರ್ 85 ಡಿಗ್ರಿ ತೋರಿಸಿದರೆ ಗಾಬರಿಬೀಳುವ ಅಗತ್ಯವೇನೂ ಇಲ್ಲ.

ಬೇಕಾದ ಗಾಳಿ ಎಷ್ಟು?

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ ಅಂಕಿ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕ. ಒಂದು ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್ ಗಾಳಿ. ಲ್ಯಾಪ್‌ಟಾಪ್ 200 ವ್ಯಾಟ್ ಬಿಸಿ ಕಾರುತ್ತಿದೆ, ಒಳಹೊಕ್ಕ ಗಾಳಿ 20 ಡಿಗ್ರಿ ಹೆಚ್ಚು ಬಿಸಿಯಾಗಿ ಹೊರಬರುತ್ತಿದೆ ಎಂದುಕೊಳ್ಳೋಣ. ಆಗ ಬೇಕಾಗುವ ಗಾಳಿ ಸೆಕೆಂಡಿಗೆ ಸುಮಾರು 8 ಲೀಟರ್, ಅಂದರೆ 18 ಸಿಎಫ್‌ಎಂಗಿಂತ ತುಸು ಕಡಿಮೆ. ಪ್ಯಾಡುಗಳು 70, 80 ಎಂದೆಲ್ಲ ಬರೆದುಕೊಳ್ಳುವಾಗ ಇದಕ್ಕೆಷ್ಟು ಬೆಲೆ ಕೊಡಬೇಕು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಗಾಳಿಗೆ ಬರವಿಲ್ಲ; ಅದು ಕಿಂಡಿಯೊಳಗೆ ಹೋಗುವುದರಲ್ಲೇ ತೊಡಕು. ಪೆಟ್ಟಿಗೆಯ ಅಂಕಿ ಎದುರಿಗೆ ಅಡ್ಡಿಯೇ ಇಲ್ಲದೆ ಅಳೆದದ್ದು. ಮೇಲೆ ಲ್ಯಾಪ್‌ಟಾಪ್ ಕೂರಿಸಿದ ಕೂಡಲೇ ಬಹುಪಾಲು ಗಾಳಿ ತಳಕ್ಕೆ ಬಡಿದು ಪಕ್ಕಕ್ಕೆ ಸೋರಿಹೋಗುತ್ತದೆ.

ಆದ್ದರಿಂದ ಲ್ಯಾಪ್‌ಟಾಪನ್ನು ಮಗುಚಿ ಕಿಂಡಿಗಳು ಎಲ್ಲಿವೆ ನೋಡಿಕೊಳ್ಳಿ. ಹೆಚ್ಚಿನವುಗಳಲ್ಲಿ ಅವು ಹಿಂಭಾಗದ ಅರ್ಧದಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ನಟ್ಟನಡುವೆ ಒಂದೇ ಫ್ಯಾನು ಇರುವ ಪ್ಯಾಡ್ ಅಂಥ ಯಂತ್ರಕ್ಕೆ ಹೆಚ್ಚೇನೂ ಮಾಡದು. ತಳದಲ್ಲಿ ಕಿಂಡಿಯೇ ಇಲ್ಲದ, ಕೀಬೋರ್ಡ್ ಕಡೆಯಿಂದಲೋ ಅಂಚಿನಿಂದಲೋ ಗಾಳಿ ಎಳೆಯುವ ಮಾದರಿಗಳೂ ಇವೆ. ಅವಕ್ಕೆ ಪ್ಯಾಡ್ ಕೊಳ್ಳುವುದು ದುಡ್ಡು ದಂಡ.

ಪುಸ್ತಕದ ಪರೀಕ್ಷೆ

ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಬಹುದು. ಎಚ್‌ಡಬ್ಲ್ಯೂಇನ್ಫೋ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡು ಅರ್ಧ ಗಂಟೆ ಒಂದೇ ಗೇಮ್ ಆಡಿ, ಬಿಸಿ ಎಷ್ಟಕ್ಕೆ ನಿಲ್ಲುತ್ತದೆ ಬರೆದಿಡಿ. ಆಮೇಲೆ ಲ್ಯಾಪ್‌ಟಾಪಿನ ಹಿಂಭಾಗದ ಎರಡು ಮೂಲೆಗಳಿಗೆ ಒಂದೊಂದು ಪುಸ್ತಕ ಕೊಟ್ಟು ಎತ್ತರಿಸಿ, ಕಿಂಡಿ ಮುಚ್ಚದಂತೆ ನೋಡಿಕೊಂಡು, ಅದೇ ಗೇಮನ್ನು ಅಷ್ಟೇ ಹೊತ್ತು ಆಡಿ. ಬಿಸಿ ಇಳಿದರೆ ನಿಮ್ಮ ಯಂತ್ರ ಉಸಿರಿಗೆ ಒದ್ದಾಡುತ್ತಿತ್ತು ಎಂದರ್ಥ. ಪ್ಯಾಡ್ ಉಪಯೋಗಕ್ಕೆ ಬರುತ್ತದೆ. ಕೆಲವರಿಗೆ ಆ ಎರಡು ಪುಸ್ತಕಗಳೇ ಸಾಕಾಗುತ್ತವೆ, ಅಥವಾ ಫ್ಯಾನೇ ಇಲ್ಲದ ಸಾದಾ ಲೋಹದ ಸ್ಟ್ಯಾಂಡ್. ಏನೂ ಬದಲಾಗದಿದ್ದರೆ ತೊಂದರೆ ಒಳಗಿದೆ. ಹಾಳೆಗಳ ನಡುವೆ ಧೂಳು ಗಟ್ಟಿಯಾಗಿ ಕೂತಿರಬಹುದು, ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದಕ್ಕೆ ಬೇಕಾದದ್ದು ಸರ್ವೀಸ್. ವಾರಂಟಿ ಇನ್ನೂ ಉಳಿದಿದ್ದರೆ ಬಿಚ್ಚುವ ಮೊದಲು ಅದರ ಷರತ್ತು ಓದಿಕೊಳ್ಳಿ.

ಪ್ಯಾಡಿನ ಬಗೆಗಳು

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ತೆರೆದ ಬಗೆ: ಲೋಹದ ಜಾಲರಿ, ಅದರ ಕೆಳಗೆ ಒಂದರಿಂದ ಆರು ಫ್ಯಾನು, ಯುಎಸ್‌ಬಿ ತಂತಿ. ಅಗ್ಗ, ಹಗುರ, ಸದ್ದೂ ಕಡಿಮೆ. ಆದರೆ ಅದರ ಶಕ್ತಿಗೆ ಯುಎಸ್‌ಬಿಯೇ ಮಿತಿ. ಯುಎಸ್‌ಬಿ 2.0 ಕಿಂಡಿಯ ನಿಯಮಿತ ಪೂರೈಕೆ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಯುಎಸ್‌ಬಿ 3.0ರಲ್ಲಿ ನಾಲ್ಕೂವರೆ. ಆರು ಫ್ಯಾನಿದ್ದರೆ ಇಷ್ಟನ್ನೇ ಆರೂ ಹಂಚಿಕೊಳ್ಳಬೇಕು. ಅಲ್ಲದೆ 140 ಮಿಲಿಮೀಟರಿನ ಒಂದು ಫ್ಯಾನಿನ ವಿಸ್ತೀರ್ಣ 70 ಮಿಲಿಮೀಟರಿನ ನಾಲ್ಕು ಫ್ಯಾನಿಗೆ ಸಮ. ದೊಡ್ಡದು ನಿಧಾನವಾಗಿ ತಿರುಗಿಯೇ ಅಷ್ಟು ಗಾಳಿ ಕೊಡುವುದರಿಂದ ಕಿರಿಕಿರಿಯೂ ಕಡಿಮೆ. ಕಿಂಡಿಗಳ ನೇರಕ್ಕೆ ಬರುವ ಎರಡು ದೊಡ್ಡ ಫ್ಯಾನುಗಳು ಚೆಲ್ಲಾಪಿಲ್ಲಿಯಾಗಿ ಕೂತ ಆರು ಸಣ್ಣವಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಮುಚ್ಚಿದ ಬಗೆ. ಐಇಟಿಎಸ್, ಲಾನೋ ಮುಂತಾದ ಹೆಸರುಗಳಲ್ಲಿ ಇವು ಸಿಗುತ್ತವೆ. ಮೇಲಂಚಿನ ಸುತ್ತ ಸ್ಪಂಜಿನ ಪಟ್ಟಿ; ಅದರ ಮೇಲೆ ಲ್ಯಾಪ್‌ಟಾಪ್ ಒತ್ತಿ ಕೂತಾಗ ನಡುವೆ ಗಾಳಿ ಸೋರದ ಕೋಣೆಯಂತಾಗುತ್ತದೆ. ಪ್ರತ್ಯೇಕ ಅಡಾಪ್ಟರಿನಿಂದ ಓಡುವ ಬ್ಲೋವರ್ ಅದರೊಳಕ್ಕೆ ಗಾಳಿ ತುಂಬಿಸಿದಾಗ, ಸೈಕಲ್ ಪಂಪಿನ ಗಾಳಿಗೆ ವಾಲ್ವ್ ಬಿಟ್ಟರೆ ಬೇರೆ ದಾರಿಯಿಲ್ಲದ ಹಾಗೆ, ಈ ಗಾಳಿ ಕಿಂಡಿಯೊಳಗೇ ನುಗ್ಗುತ್ತದೆ. 100 ವ್ಯಾಟಿಗಿಂತ ಹೆಚ್ಚು ಉಣ್ಣುವ ಗ್ರಾಫಿಕ್ಸ್ ಚಿಪ್ಪಿದ್ದರೆ ನಿಜವಾದ ವ್ಯತ್ಯಾಸ ಕಾಣುವುದು ಇದರಲ್ಲೇ. ಬೆಲೆ ತೆರೆದ ಪ್ಯಾಡಿನ ಹಲವು ಪಟ್ಟು. ತೂಕ, ಗಾತ್ರ, ಸದ್ದು ಎಲ್ಲವೂ ಹೆಚ್ಚು. ಕೊಳ್ಳುವಾಗ ಸ್ಪಂಜಿನ ಚೌಕಟ್ಟು ನಿಮ್ಮ ಪರದೆಯ ಅಳತೆಗೆ ಹೊಂದುತ್ತದೆಯೇ ನೋಡಿ. 15.6 ಇಂಚಿನ ಲ್ಯಾಪ್‌ಟಾಪನ್ನು 18 ಇಂಚಿನ ಚೌಕಟ್ಟಿನ ಮೇಲಿಟ್ಟರೆ ಸಂದಿ ಉಳಿದು, ಮುಚ್ಚಿದ ಪ್ಯಾಡ್ ತೆರೆದದ್ದೇ ಆಗುತ್ತದೆ. ಸ್ಪಂಜಿನ ಪಟ್ಟಿ ಕಿಂಡಿಗಳ ಮೇಲೇ ಬಂದರೆ ಇನ್ನೂ ಕೆಟ್ಟದ್ದು.

ಬಿಸಿಗಾಳಿ ಹೊರಬರುವ ಕಡೆ ಸಿಕ್ಕಿಸಿ ಎಳೆಯುವ ಪುಟ್ಟ ಸಾಧನಗಳು ಬದಿಯಲ್ಲಿ ಒಂದೇ ದ್ವಾರವಿರುವ ಹಳೆಯ ಯಂತ್ರಗಳಿಗೆ ಸರಿಹೊಂದಬಹುದು. ಇತ್ತೀಚಿನ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಮೂರು ನಾಲ್ಕು ದ್ವಾರಗಳಿರುವುದರಿಂದ ಅಷ್ಟು ಪ್ರಯೋಜನವಿಲ್ಲ. ಪೆಲ್ಟಿಯರ್ ತಟ್ಟೆ ಇರುವ ಪ್ಯಾಡ್ ಮಾತ್ರ ಕೋಣೆಗಿಂತ ತಂಪಾಗಬಲ್ಲದು, ಆದರೆ ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ಅಂಥ ತಣ್ಣನೆಯ ತಟ್ಟೆಯ ಮೇಲೆ ನೀರ ಹನಿ ಕಟ್ಟುವ ಅಪಾಯವಿದೆ. ಐಸ್ ಪ್ಯಾಕ್, ಒದ್ದೆ ಬಟ್ಟೆ ಇಡುವ ಉಪಾಯಗಳೂ ಇದೇ ಕಾರಣಕ್ಕೆ ಬೇಡ.

ಊರಿನ ಬಿಸಿ

ಚಿಪ್ಪಿನ ಬಿಸಿ ಎಂದರೆ ಕೋಣೆಯ ಬಿಸಿಯ ಮೇಲೆ ಏರಿದ್ದು. ಅಷ್ಟೇ ವಿದ್ಯುತ್ತು, ಅಷ್ಟೇ ಫ್ಯಾನ್ ವೇಗ ಇದ್ದಾಗ ಕೋಣೆ 10 ಡಿಗ್ರಿ ಹೆಚ್ಚಾದರೆ ಚಿಪ್ಪೂ ಸರಿಸುಮಾರು 10 ಡಿಗ್ರಿ ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನವರು ತಂಪು ದೇಶದ ಯೂಟ್ಯೂಬರ್ ತೋರಿಸಿದ ಅಂಕಿಯನ್ನು ತಮ್ಮ ಮನೆಯಲ್ಲಿ ನಿರೀಕ್ಷಿಸಬಾರದು. ವಿಮರ್ಶೆ ನೋಡುವಾಗ ಕೋಣೆಯ ಉಷ್ಣಾಂಶ ಹೇಳಿದ್ದಾರೆಯೇ ಗಮನಿಸಿ. ಹೇಳದಿದ್ದರೆ ಉಳಿದ ಅಂಕಿಗಳಿಗೆ ಹೆಚ್ಚು ಅರ್ಥವಿಲ್ಲ.

ಕೊಂಡ ಮೇಲೆ ಏನನ್ನು ಅಳೆಯಬೇಕು

ಪ್ಯಾಡ್ ಇಟ್ಟರೂ ಒಂದೇ ಡಿಗ್ರಿ ಇಳಿಯಿತು ಎಂದು ಹಿಂತಿರುಗಿಸುವವರು ಅರ್ಧ ಲೆಕ್ಕ ಮಾತ್ರ ನೋಡಿರುತ್ತಾರೆ. ಇಂದಿನ ಚಿಪ್ಪುಗಳು ತಂಪು ಸಿಕ್ಕಷ್ಟೂ ವೇಗ ಏರಿಸಿಕೊಳ್ಳುತ್ತವೆ. ಮೊದಲು 95 ಡಿಗ್ರಿಯಲ್ಲಿ 60 ವ್ಯಾಟ್ ಬಳಸುತ್ತಿದ್ದ ಪ್ರೊಸೆಸರ್ ಈಗ ಅದೇ 95ರಲ್ಲಿ 70 ವ್ಯಾಟ್ ಬಳಸುತ್ತಿರಬಹುದು. ಉಷ್ಣಾಂಶ ಅಲ್ಲೇ ಇದ್ದರೂ ಕೆಲಸ ಹೆಚ್ಚಾಗಿದೆ. ಹಾಗಾಗಿ ಡಿಗ್ರಿಯ ಜೊತೆಗೆ ವ್ಯಾಟ್, ಗಿಗಾಹರ್ಟ್ಸ್, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನೂ ನೋಡಬೇಕು. ಹೋಲಿಸುವಾಗ ಪವರ್ ಮೋಡ್ ಬದಲಿಸಬೇಡಿ, ಚಾರ್ಜರ್ ಸಿಕ್ಕಿಸಿಯೇ ಇರಲಿ.

ಸದ್ದಿನದೂ ಹೀಗೆಯೇ ಒಂದು ಸೂಕ್ಷ್ಮವಿದೆ. ಸಮಾನ ಸದ್ದಿನ ಎರಡು ಫ್ಯಾನು ಒಟ್ಟಿಗೆ ಓಡಿದರೆ 3 ಡೆಸಿಬೆಲ್ ಮಾತ್ರ ಏರುತ್ತದೆ. ಪ್ಯಾಡಿನ ನೆರವಿನಿಂದ ಒಳಗಿನ ಫ್ಯಾನು ನಿಧಾನವಾದರೆ ಒಟ್ಟು ಸದ್ದು ಮೊದಲಿಗಿಂತ ಇಳಿಯಲೂಬಹುದು. ಆದರೆ ಬ್ಲೋವರನ್ನು ಪೂರ್ತಿ ವೇಗಕ್ಕಿಟ್ಟರೆ ಹೆಡ್‌ಫೋನ್ ಹಾಕಿದ ನಿಮಗಿಂತ ಹಾಸ್ಟೆಲಿನ ರೂಮ್‌ಮೇಟಿಗೆ ಕಷ್ಟ. ವೇಗ ಹೊಂದಿಸುವ ಗುಂಡಿ ಇಲ್ಲದ ಪ್ಯಾಡನ್ನು ನಾನಂತೂ ಕೊಳ್ಳಲಾರೆ.

ಧೂಳು

ಬಲವಾಗಿ ಗಾಳಿ ನುಗ್ಗಿಸುವ ಪ್ಯಾಡ್ ಧೂಳನ್ನೂ ಅಷ್ಟೇ ಬಲವಾಗಿ ನುಗ್ಗಿಸುತ್ತದೆ. ಮುಚ್ಚಿದ ಬಗೆಯಲ್ಲಿ ಬಿಚ್ಚಿ ತೊಳೆಯುವಂಥ ಜಾಲರಿ ಫಿಲ್ಟರ್ ಇರಲೇಬೇಕು. ತೊಳೆದ ಫಿಲ್ಟರನ್ನು ಪೂರ್ತಿ ಒಣಗಿಸಿಯೇ ಹಾಕಿ. ಸ್ಪಂಜಿನ ಪಟ್ಟಿ ಒತ್ತಿ ಒತ್ತಿ ಚಪ್ಪಟೆಯಾಗುವುದು ಸಹಜ. ಕೊಳ್ಳುವಾಗಲೇ ಆ ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ ಕೇಳಿಕೊಳ್ಳಿ. ಸಿಗದಿದ್ದರೆ ಬ್ಲೋವರ್ ಚೆನ್ನಾಗಿದ್ದರೂ ಪ್ಯಾಡ್ ಮೂಲೆ ಸೇರುತ್ತದೆ.